ನಡುಕ ಬೇರೆ, ತೂಗಾಟ ಬೇರೆ

ಪ್ರಶ್ನೆ: ಸರ್, ನನ್ನ ಹತ್ತಿರ ರಿಮೋಟಿನಿಂದ ಹಾರಿಸುವ 600 ಸೈಜಿನ (ಬ್ಲೇಡಿನ ಉದ್ದ ಸುಮಾರು 600 ಮಿ.ಮೀ.) ಎಲೆಕ್ಟ್ರಿಕ್ ಹೆಲಿಕಾಪ್ಟರ್ ಇದೆ. ಫ್ಲೈಬಾರ್, ಅಂದರೆ ರೋಟರಿನ ಜೊತೆ ತಿರುಗುತ್ತಾ ಅದನ್ನು ಸ್ಥಿರವಾಗಿಡುವ ಅಡ್ಡಕಡ್ಡಿ, ಇರುವ ಹಳೇ ಮಾಡೆಲ್. ಎರಡು ವರ್ಷದಿಂದ ಹಾರಿಸುತ್ತಿದ್ದೇನೆ, ಹೋವರ್ ಮಾಡಲು (ಗಾಳಿಯಲ್ಲಿ ಒಂದೇ ಜಾಗದಲ್ಲಿ ನಿಲ್ಲಿಸಲು) ತೊಂದರೆಯಿಲ್ಲ. ಈಗ ಅದಕ್ಕೆ ಕ್ಯಾಮೆರಾ ಕಟ್ಟಿ ಕೆರೆ, ತೋಟಗಳನ್ನು ಮೇಲಿಂದ ವಿಡಿಯೋ ಮಾಡುವ ಆಸೆ. ಒಂದು ಸಲ ಮಾಡಿ ನೋಡಿದೆ. ಚಿತ್ರವೆಲ್ಲ ಜೆಲ್ಲಿಯ ಹಾಗೆ ಅಲುಗಾಡುತ್ತದೆ. ಗಾಳಿ ಬಂದರೆ ಹೆಲಿಕಾಪ್ಟರೂ ಅತ್ತಿತ್ತ ಸರಿಯುತ್ತದೆ. ಇನ್‌ಫ್ರಾರೆಡ್ ಸೆನ್ಸರ್, ನೆಲ ನೋಡುವ ಕ್ಯಾಮೆರಾ ಸೆನ್ಸರ್, ಜಿಪಿಎಸ್, ಹೆಲಿಕಾಪ್ಟರನ್ನು ತಾನಾಗಿ ಸ್ಥಿರವಾಗಿಡುವ ಸ್ಟೆಬಿಲೈಸರ್ ಈ ಮೂರರಲ್ಲಿ ಯಾವುದನ್ನು ತಗೊಳ್ಳಲಿ?

ಉತ್ತರ: ತಗೊಳ್ಳೋದು ಆಮೇಲೆ. ನಿಮ್ಮ ಪತ್ರದಲ್ಲಿ ಎರಡು ಕಾಯಿಲೆ ಇವೆ, ನೀವು ಕೇಳುತ್ತಿರುವುದು ಒಂದೇ ಮದ್ದು. ಗಾಳಿಗೆ ಸರಿಯುವುದು ತೂಗಾಟ, ಅದು ನಿಧಾನದ್ದು. ಜೆಲ್ಲಿ ಬರುವುದು ನಡುಕದಿಂದ, ಅದು ವೇಗದ್ದು. ನಡುಕವನ್ನು ಯಾವ ಸ್ಟೆಬಿಲೈಸರೂ ನಿಲ್ಲಿಸುವುದಿಲ್ಲ.

ಲೆಕ್ಕ ಹಾಕಿ ನೋಡಿ. ನಿಮ್ಮ ರೋಟರ್ ನಿಮಿಷಕ್ಕೆ 1,500 ಸುತ್ತು ತಿರುಗುತ್ತದೆ ಅಂದುಕೊಳ್ಳೋಣ. ಅಂದರೆ ಸೆಕೆಂಡಿಗೆ 25 ಸುತ್ತು. ಬ್ಲೇಡಿನ ತೂಕದಲ್ಲಿ ಹೆಚ್ಚುಕಮ್ಮಿ ಇದ್ದರೆ ಸೆಕೆಂಡಿಗೆ 25 ಸಲ ಇಡೀ ಹೆಲಿಕಾಪ್ಟರ್ ಅದುರುತ್ತದೆ. ಬ್ಲೇಡು ಎರಡಿರುವುದರಿಂದ 50ರ ಅದುರಾಟವೂ ಜೊತೆಗಿರುತ್ತದೆ. ಬಾಲದ ರೋಟರ್ ಅದರ ನಾಲ್ಕೂವರೆ ಪಟ್ಟು ವೇಗದಲ್ಲಿದ್ದರೆ, ಅಲ್ಲಿಂದ ಸೆಕೆಂಡಿಗೆ 112ರಷ್ಟು. ನಿಮ್ಮ ಕ್ಯಾಮೆರಾ ಒಂದು ಫ್ರೇಮನ್ನು ಒಮ್ಮೆಗೇ ಹಿಡಿಯುವುದಿಲ್ಲ, ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓದುತ್ತದೆ. ಕೆಳಗಿನ ಸಾಲಿಗೆ ಬರುವ ಹೊತ್ತಿಗೆ ಕ್ಯಾಮೆರಾ ಅಲ್ಲಾಡಿ ಬೇರೆ ಕಡೆ ಇರುತ್ತದೆ. ನೆಟ್ಟಗಿರುವ ತೆಂಗಿನ ಮರ ಹಾವಿನ ಹಾಗೆ ಕಾಣುವುದು ಅದಕ್ಕೇ.

ಇನ್ನೊಂದು ವಿಷಯ. ಹೊಸದಾಗಿ ಹಾಕುವ ಸ್ಟೆಬಿಲೈಸರಿನ ಸೆನ್ಸರ್ ಕೂಡ ಇದೇ ನಡುಕದಲ್ಲಿ ಕೂತಿರುತ್ತದೆ. ನಡುಕ ಜಾಸ್ತಿಯಾದರೆ ಅದಕ್ಕೆ ಭೂಮಿ ಯಾವ ಕಡೆ ಅಂತಲೇ ಗೊಂದಲವಾಗಿ, ನೆಟ್ಟಗಿರುವ ಹೆಲಿಕಾಪ್ಟರನ್ನು ತಾನೇ ವಾಲಿಸುತ್ತದೆ.

ಹಾಗಾಗಿ ಮೊದಲು ಬಿಚ್ಚಿ. ರೋಟರನ್ನು ತಿರುಗಿಸುವ ಮೇನ್ ಶಾಫ್ಟ್, ಬ್ಲೇಡುಗಳನ್ನು ಹಿಡಿದಿರುವ ಅಡ್ಡ ಫೆದರಿಂಗ್ ಶಾಫ್ಟ್ ಎರಡನ್ನೂ ಹೊರತೆಗೆದು ಕನ್ನಡಿಯ ಮೇಲೆ ಇಟ್ಟು ಬೆರಳಿನಿಂದ ಮೆಲ್ಲಗೆ ಉರುಳಿಸಿ. ಕಣ್ಣನ್ನು ಕನ್ನಡಿಯ ಮಟ್ಟಕ್ಕೆ ತಂದು, ಹಿಂದೆ ದೀಪ ಇಟ್ಟು ನೋಡಿ. ಶಾಫ್ಟಿನ ಕೆಳಗೆ ಬೆಳಕಿನ ಗೆರೆ ಒಮ್ಮೆ ಕಂಡು ಒಮ್ಮೆ ಮುಚ್ಚುತ್ತಿದ್ದರೆ ಅದು ಬಾಗಿದೆ. ನೆಟ್ಟಗೆ ಮಾಡಲು ಹೋಗಬೇಡಿ, ಹೊಸದು ಹಾಕಿ. ಬ್ಲೇಡುಗಳ ತೂಕ ಮಾತ್ರ ಸರಿ ಇದ್ದರೆ ಸಾಲದು, ಎರಡರ ತೂಕದ ನಡುಬಿಂದುವೂ ಒಂದೇ ಕಡೆ ಇರಬೇಕು. ಬಾಲದ ಬೇರಿಂಗನ್ನು ಬೆರಳಲ್ಲಿ ತಿರುಗಿಸಿ. ಮರಳು ಸಿಕ್ಕಿದ ಹಾಗೆ ಕರಕರ ಅಂದರೆ ಬದಲಾಯಿಸಿ.

ಆಮೇಲೆ ಕ್ಯಾಮೆರಾಕ್ಕೆ ನಡುಕ ತಾಗದ ಹಾಗೆ ಅದರ ಮೌಂಟಿಗೆ ಹಾಕುವ ರಬ್ಬರ್. ಇದರಲ್ಲಿ ಹೆಚ್ಚಿನವರು ಎಡವುತ್ತಾರೆ. ಹಗುರ ಕ್ಯಾಮೆರಾಕ್ಕೆ ಗಟ್ಟಿ ರಬ್ಬರ್ ಹಾಕಿದರೆ ಅದು ಇದ್ದೂ ಇಲ್ಲದ ಹಾಗೆ. ಕ್ಯಾಮೆರಾವನ್ನು ಬೆರಳಲ್ಲಿ ತಟ್ಟಿದಾಗ ನಿಧಾನವಾಗಿ ತೂಗಿ ನಿಲ್ಲಬೇಕು, ಟಣ್ ಅನ್ನಬಾರದು. ಕ್ಯಾಮೆರಾ ಕೂರುವ ಮೌಂಟಿನ ಪ್ಲೇಟಿಗೆ ಸ್ವಲ್ಪ ತೂಕ ಸೇರಿಸಿದರೆ ಚಿತ್ರ ಸುಧಾರಿಸುವುದೂ ಉಂಟು. ಮೊದಲ ಹಾರಾಟಕ್ಕೆ ಕ್ಯಾಮೆರಾ ಬೇಡ, ಅಷ್ಟೇ ತೂಕದ ಮರಳಿನ ಚೀಲ ಕಟ್ಟಿ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಯಾವುದೇ ಸ್ಟೆಬಿಲೈಸರ್ ಕೊಳ್ಳುವ ಮುಂಚೆ ಕೇಳಬೇಕಾದ್ದು ಒಂದೇ: ಇದು ಯಾವುದನ್ನು ನೋಡಿಕೊಂಡು ನಿಲ್ಲುತ್ತದೆ?

ಇನ್‌ಫ್ರಾರೆಡ್, ಅಂದರೆ ಕೋ-ಪೈಲಟ್ ಎಂಬ ಸಾಧನದ ತರಹದ್ದು, ಆಕಾಶ ತಣ್ಣಗೆ, ನೆಲ ಬೆಚ್ಚಗೆ ಎಂಬ ವ್ಯತ್ಯಾಸ ನೋಡುತ್ತದೆ. ಬಯಲಲ್ಲಿ, ಬಿಸಿಲಲ್ಲಿ ಚೆನ್ನ. ಮಂಜು ಕವಿದರೆ, ಪಕ್ಕದಲ್ಲಿ ಗುಡ್ಡವೋ ಎತ್ತರದ ಕಟ್ಟಡವೋ ಇದ್ದರೆ ಲೆಕ್ಕ ತಪ್ಪುತ್ತದೆ. ಅದೂ ಅಲ್ಲದೆ ಹೆಲಿಕಾಪ್ಟರನ್ನು ಮಟ್ಟವಾಗಿ ಇಡುತ್ತದೆಯೇ ಹೊರತು ಜಾಗದಲ್ಲಿ ನಿಲ್ಲಿಸುವುದಿಲ್ಲ.

ನೆಲ ನೋಡುವ ಸೆನ್ಸರ್, ಹೆಲಿಕಮಾಂಡ್ ಎಂಬ ಸಾಧನದ ತರಹದ್ದು, ಕೆಳಗಿನ ಕಲ್ಲು, ಹುಲ್ಲು, ಗೆರೆಗಳನ್ನು ಗುರುತು ಇಟ್ಟುಕೊಳ್ಳುತ್ತದೆ. ಕೆಲವೇ ಮೀಟರ್ ಎತ್ತರದಲ್ಲಿ ಬಲು ಸೊಗಸಾಗಿ ನಿಲ್ಲುತ್ತದೆ. ನೀವು ಕೆರೆ ಅಂತ ಬರೆದಿದ್ದಕ್ಕೆ ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ. ನಾನು ಇಂಥದ್ದನ್ನೇ ಹಾಕಿಕೊಂಡು ನೀರಿನ ಮೇಲೆ ಹೋದೆ. ಸಣ್ಣ ಗಾಳಿ, ಸಣ್ಣ ಅಲೆ. ಸೆನ್ಸರಿಗೆ ಕಂಡದ್ದು ಆ ಅಲೆ ಮಾತ್ರ. ಅಲೆ ಸರಿದ ಕಡೆ ಹೆಲಿಕಾಪ್ಟರೂ ಹೊರಟಿತು, ಕುರಿಯ ಹಿಂದೆ ಮರಿ ಹೋದ ಹಾಗೆ! ನಾನು ಸ್ಟಿಕ್ ಎಳೆದಷ್ಟೂ ಅದು ತಾನೇ ಸರಿ ಅಂತ ಹಟ ಹಿಡಿಯಿತು. ಸ್ವಿಚ್ ಆಫ್ ಮಾಡಬೇಕು ಅಂತ ಹೊಳೆಯುವ ಹೊತ್ತಿಗೆ ಸ್ಕಿಡ್ (ಕೆಳಗಿನ ಕಾಲು) ನೀರಿಗೆ ತಾಗಿತ್ತು. ಹೆಲಿಕಾಪ್ಟರ್ ಸಿಕ್ಕಿತು, ಕ್ಯಾಮೆರಾ ಮತ್ತೆ ಆನ್ ಆಗಲಿಲ್ಲ.

ಆದ್ದರಿಂದ ನಿಮಗೆ ಜಿಪಿಎಸ್ ಇರುವುದೇ ಸರಿ. ಡಿಜೆಐ ಕಂಪನಿಯ ಏಸ್ ಒನ್ ಎಂಬ ಸ್ಟೆಬಿಲೈಸರ್ ಹೆಲಿಕಾಪ್ಟರಿಗೆಂದೇ ಬಂದಿತ್ತು. ಕೂತು ಟ್ಯೂನಿಂಗ್ ಮಾಡುವ ತಾಳ್ಮೆ ಇದ್ದರೆ ಆರ್ಡುಪೈಲಟ್ ಎಂಬ ಹಾರಾಟ ನಿಯಂತ್ರಿಸುವ ಸಾಫ್ಟ್‌ವೇರಿನಲ್ಲೂ ಹೆಲಿಕಾಪ್ಟರಿಗೆ ಬೇರೆಯೇ ಆವೃತ್ತಿ ಇದೆ. ನೀರು, ನೆಲ ಯಾವುದಾದರೂ ಜಿಪಿಎಸ್‌ಗೆ ಒಂದೇ. ಆದರೆ ಅದರ ಜೊತೆಗಿನ ದಿಕ್ಸೂಚಿಯನ್ನು ಮೋಟಾರು, ದಪ್ಪ ಬ್ಯಾಟರಿ ವೈರುಗಳಿಂದ ದೂರ ಇಡಿ, ಬಾಲದ ಬೂಮ್ (ಉದ್ದನೆಯ ಕೊಳವೆ) ಮೇಲೆ ಆದರೆ ಒಳ್ಳೆಯದು. ದಿಕ್ಸೂಚಿ ಕೆಟ್ಟರೆ ಹೆಲಿಕಾಪ್ಟರ್ ನಿಂತಲ್ಲಿ ನಿಲ್ಲದೆ ಒರಳಿನಲ್ಲಿ ಗುಂಡು ಸುತ್ತಿದ ಹಾಗೆ ಸುತ್ತತೊಡಗುತ್ತದೆ, ಸುತ್ತು ದೊಡ್ಡದಾಗುತ್ತಾ ಹೋಗುತ್ತದೆ.

ಬರೀ ಗೈರೋ (ತಿರುಗುವ ವೇಗ ಅಳೆಯುವ ಸೆನ್ಸರ್) ಇರುವ ಫ್ಲೈಬಾರ್‌ಲೆಸ್ ಯೂನಿಟ್ ತಂದು ಮೋಸ ಹೋಗಬೇಡಿ. ಅದು ಫ್ಲೈಬಾರ್ ಮಾಡುತ್ತಿದ್ದ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುತ್ತದೆ, ಅಷ್ಟೇ. ಕೈಬಿಟ್ಟರೆ ಮಟ್ಟಕ್ಕೆ ಬರುವುದಿಲ್ಲ. ಯಾವುದನ್ನು ಕೊಂಡರೂ ಒಂದೇ ಸ್ವಿಚ್ಚಿಗೆ ಪೂರ್ತಿ ಮ್ಯಾನುಯಲ್‌ಗೆ ಬರುವ ಹಾಗಿರಲಿ, ಆ ಸ್ವಿಚ್ ಕಣ್ಣು ಮುಚ್ಚಿದರೂ ಬೆರಳಿಗೆ ಸಿಗಲಿ.

ಒಂದು ಮಾತು ಬಿಟ್ಟಿದ್ದೆ. ಜಾಗ ಬಿಡದೆ ನಿಲ್ಲಬೇಕಾದರೆ ಹೆಲಿಕಾಪ್ಟರ್ ಗಾಳಿಗೆ ಎದುರಾಗಿ ವಾಲಲೇಬೇಕು. ಸ್ಟೆಬಿಲೈಸರ್ ಚೆನ್ನಾಗಿದ್ದಷ್ಟೂ ಚುರುಕಾಗಿ ವಾಲುತ್ತದೆ. ಆ ವಾಲಾಟ ಚಿತ್ರಕ್ಕೆ ಬರಬಾರದು ಅಂದರೆ ಗಿಂಬಲ್ ಬೇಕು, ಅಂದರೆ ಹೆಲಿಕಾಪ್ಟರ್ ವಾಲಿದರೂ ಕ್ಯಾಮೆರಾವನ್ನು ಮಟ್ಟವಾಗಿಡುವ ಮೋಟಾರಿನ ಚೌಕಟ್ಟು. ಬ್ರಷ್‌ಲೆಸ್ ಮೋಟಾರಿನದ್ದು, ಸೆನ್ಸರ್ ಕ್ಯಾಮೆರಾದ ಪಕ್ಕದಲ್ಲೇ ಇರುವಂಥದ್ದು. ದುಡ್ಡು ಒಂದಕ್ಕೇ ಸಾಲುತ್ತದೆ ಅಂದರೆ ನಾನಾದರೆ ಗಿಂಬಲನ್ನೇ ಮೊದಲು ಕೊಳ್ಳುತ್ತೇನೆ. ನಿಮಗೆ ಹೋವರ್ ಹೇಗೂ ಬರುತ್ತದಲ್ವಾ?

ಪ್ರಶ್ನೆ: ಸ್ಟೆಬಿಲೈಸರಿನಲ್ಲಿ ಸೆಲ್ಫ್ ಲೆವೆಲ್ (ತಾನಾಗಿ ಮಟ್ಟಕ್ಕೆ ಬರುವ ಸೌಲಭ್ಯ) ಆನ್ ಮಾಡಿದರೆ ನನ್ನ ಹೆಲಿಕಾಪ್ಟರ್ ಸುಮ್ನೆ ಎಡಕ್ಕೆ ಜಾರುತ್ತದೆ. ಗಾಳಿಯೂ ಇಲ್ಲ. ಸೆನ್ಸರ್ ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ, ಅದು ಹೇಳಿದ್ದನ್ನು ಮಾಡುತ್ತಿದೆ. ಮೇಲಿಂದ ನೋಡಿದರೆ ನಿಮ್ಮ ರೋಟರ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತಿರಬೇಕು. ಅದರ ತಿರುಚುವ ಬಲವನ್ನು ತಡೆಯಲು ಬಾಲದ ರೋಟರ್ ಗಾಳಿ ತಳ್ಳುತ್ತದೆ, ಆ ತಳ್ಳಾಟವೇ ಇಡೀ ಹೆಲಿಕಾಪ್ಟರನ್ನು ಎಡಕ್ಕೆ ನೂಕುತ್ತದೆ. ನಿಂತ ಜಾಗದಲ್ಲೇ ಇರಬೇಕಾದರೆ ಅದು ಬಲಕ್ಕೆ ಚೂರು ವಾಲಿರಬೇಕು. ನೀವು ಟೇಬಲ್ ಮೇಲೆ ಇಟ್ಟು ಲೆವೆಲ್ ಸೆಟ್ ಮಾಡಿದ್ದೀರಿ ಅನ್ನಿಸುತ್ತದೆ. ಸೆಟ್ಟಿಂಗಿನಲ್ಲಿ ಬಲಕ್ಕೆ ಸ್ವಲ್ಪ ಸ್ವಲ್ಪವೇ ಕೊಡುತ್ತಾ ಹೋಗಿ, ಜಾರುವುದು ನಿಂತಾಗ ನಿಲ್ಲಿಸಿ. ಕ್ಯಾಮೆರಾ ಮಾತ್ರ ನೆಟ್ಟಗಿರಬೇಕು, ಅದನ್ನು ಗಿಂಬಲ್ ನೋಡಿಕೊಳ್ಳಲಿ.

ಪ್ರಶ್ನೆ: ಒಳ್ಳೆಯ ಸ್ಟೆಬಿಲೈಸರ್ ಹಾಕಿದರೆ ಹಾರಿಸಲು ಕಲಿಯದೆಯೇ ಶೂಟಿಂಗ್ ಮಾಡಬಹುದೇ?

ಉತ್ತರ: ಬೇಡ. ಸಿಮ್ಯುಲೇಟರ್ ಹಾಕಿಕೊಳ್ಳಿ. ಹೆಲಿಕಾಪ್ಟರಿನ ಮೂಗು ನಿಮ್ಮ ಕಡೆಗಿದ್ದಾಗ ಎಡ ಬಲ ಅದಲುಬದಲಾಗುತ್ತದೆ. ಹಾಗೆ ಒಂದು ಬ್ಯಾಟರಿ ಮುಗಿಯುವ ತನಕ ನಿಲ್ಲಿಸಲು ಬಂದ ಮೇಲೆ ಇನ್ನೊಂದು ಪತ್ರ ಬರೆಯಿರಿ.