ಕೆಲವು ಕಲಾವಿದರಿಗೆ ಸತ್ತ ಮೇಲೆಯೇ ಹೆಸರು ಬರುವುದು ಯಾಕೆ?

ಹೆಚ್ಚಿನ ಸಲ, ಹಿಂದೆ ಉಳಿದವರು ಯಾರೋ ಪಟ್ಟು ಹಿಡಿದು ಕೆಲಸ ಮಾಡಿರುತ್ತಾರೆ, ಅದಕ್ಕೆ. ಡಚ್ ಚಿತ್ರಕಾರ ವ್ಯಾನ್ ಗೋ 1890ರಲ್ಲಿ, 37ನೇ ವಯಸ್ಸಿಗೆ ತೀರಿಕೊಂಡ. ಬದುಕಿದ್ದಾಗ ಮಾರಾಟವಾದ ಚಿತ್ರಗಳು ತೀರಾ ಕಡಿಮೆ. ಆರು ತಿಂಗಳಲ್ಲಿ ತಮ್ಮ ಥಿಯೋ ಕೂಡ ಹೋದ. ಥಿಯೋನ ಹೆಂಡತಿ ಯೊ, ಕೈಗೂಸು ಇಟ್ಟುಕೊಂಡೇ ನೂರಾರು ಚಿತ್ರಗಳನ್ನು ಕಾಪಾಡಿದಳು. ಪ್ರದರ್ಶನಕ್ಕೆ ಕಳಿಸಿದಳು, ಸ್ವಲ್ಪ ಸ್ವಲ್ಪವಾಗಿ ಮಾರಿದಳು, 1914ರಲ್ಲಿ ವ್ಯಾನ್ ಗೋ ಥಿಯೋಗೆ ಬರೆದ ಪತ್ರಗಳನ್ನು ಅಚ್ಚು ಹಾಕಿಸಿದಳು. ಅವನ ಹೆಸರು ಗೊತ್ತಿರುವಷ್ಟು ಜನರಿಗೆ ಇವಳ ಹೆಸರು ಗೊತ್ತಿಲ್ಲ, ಅದು ನನಗೆ ತುಂಬಾ ಬೇಜಾರು.

ನಮ್ಮ ಕನ್ನಡದ ಕವಿ ಮುದ್ದಣನದು ಬೇರೆ ಥರ. ನಿಜವಾದ ಹೆಸರು ನಂದಳಿಕೆ ಲಕ್ಷ್ಮೀನಾರಣಪ್ಪ, ಉಡುಪಿಯಲ್ಲಿ ವ್ಯಾಯಾಮದ ಮೇಷ್ಟ್ರು. ತಾನೇ ಬರೆದದ್ದನ್ನು ಹಳೆಯ ಕಾವ್ಯ ಎಂಬಂತೆ ಅಚ್ಚಿಗೆ ಕಳಿಸುತ್ತಿದ್ದ. 1901ರಲ್ಲಿ ಕ್ಷಯದಿಂದ ಸತ್ತಾಗ ವಯಸ್ಸು ಬರೀ 31. 'ಶ್ರೀರಾಮಾಶ್ವಮೇಧ' ಅವನದೇ ಎಂದು ಓದುಗರಿಗೆ ತಿಳಿದದ್ದು ಆಮೇಲೆ.

ಬದುಕಿರುವ ಕಲಾವಿದರನ್ನಾದರೂ ಈಗಲೇ ಗುರುತಿಸೋಣ. ಬೆಂಗಳೂರಿನಲ್ಲಿದ್ದರೆ ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಹೋಗಿ. ಕಲಾವಿದರೇ ಎದುರಿಗೆ ಕೂತಿರುತ್ತಾರೆ, ಅಲ್ವಾ? ಸುಮ್ನೆ ಫೋಟೊ ತೆಗೆದು ಬರಬೇಡಿ. ಹೆಸರು ಕೇಳಿ, ಮಾತಾಡಿಸಿ, ಸಾಧ್ಯವಾದರೆ ಒಂದು ಚಿಕ್ಕ ಚಿತ್ರವನ್ನಾದರೂ ಕೊಳ್ಳಿ.