ನಾರ್ವೆ ಹಡಗಲ್ಲಿ ಒಂದು ವಾರ ಕೂತ್ರೆ ಅಪ್ಪ ಅಮ್ಮನಿಗೆ ಬೇಜಾರಾಗಲ್ವಾ?

ಪುಣೆಯಲ್ಲಿರೋ ನಿಮ್ಮ ಅಪ್ಪ ಅಮ್ಮ ಇಬ್ರಿಗೂ ಅರವತ್ತೈದು ದಾಟಿದೆ, ಹಿಂದೆ ಯುರೋಪ್ ಬಸ್ ಟೂರಿಗೆ ಹೋಗಿ ಸುಸ್ತಾಗಿ ಬಂದಿದಾರೆ, ಈಗ ಉತ್ತರ ನಾರ್ವೆ ಕಡೆ ಹಡಗಲ್ಲಿ ಕಳಿಸೋಣ ಅಂತಿದೀರಿ, ಆದ್ರೆ ವಾರಪೂರ್ತಿ ನೀರು ನೋಡ್ತಾ ಕೂತ್ರೆ ಬೇಜಾರಾಗಲ್ವಾ ಅಂತ ಕೇಳಿದೀರಿ. ಆಗಲ್ಲ ರೀ. ಆದ್ರೆ ಯಾವ ಹಡಗು, ಯಾವ ತಿಂಗಳು ಅನ್ನೋದು ಸರಿಯಾಗಿ ಆರಿಸ್ಬೇಕು, ಮತ್ತೆ ದಿನಕ್ಕೆರಡು ಟೂರ್ ಅಂತ ತುಂಬಿಸಿ ಅವರನ್ನ ಮತ್ತೆ ಓಡಿಸಬಾರ್ದು.

ನಮ್ಮದು ಕುಮಟಾ ಕಡೆ, ಈಗ ಎಷ್ಟೋ ವರ್ಷದಿಂದ ಮುಂಬೈ ಹತ್ತಿರದ ಡೊಂಬಿವಲಿ. ಅಮ್ಮನಿಗೆ 68 ಆದಾಗ ಮೇ ಕೊನೆ ವಾರ ಅವಳನ್ನ ಕರ್ಕೊಂಡು ನಾರ್ವೆಯ ಪಶ್ಚಿಮದ ಬರ್ಗೆನ್‌ನಿಂದ ಈಶಾನ್ಯ ತುದಿಯ ಕಿರ್ಕೆನೆಸ್‌ವರೆಗೆ ಹೋದೆ, ಆರು ರಾತ್ರಿ ಹಡಗಲ್ಲೇ, ಏಳನೇ ದಿನ ಬೆಳಿಗ್ಗೆ ಕಿರ್ಕೆನೆಸ್, ಅಲ್ಲಿಂದ ವಿಮಾನ ಹಿಡಿದು ಓಸ್ಲೋ. ವಾಪಸ್ ಕೂಡ ಹಡಗಲ್ಲೇ ಬರ್ತೀನಿ ಅಂದ್ರೆ ಒಟ್ಟು 12 ದಿನದ ಪ್ರಯಾಣ.

ಸಾವಿರಾರು ಜನ ಹಿಡಿಸೋ, ಕ್ಯಾಸಿನೋ, ಡ್ಯಾನ್ಸ್ ಶೋ ಇರೋ ಕ್ರೂಸ್ ಹಡಗಲ್ಲ ನಾವು ಹೋಗಿದ್ದು. ಅದು ಅಲ್ಲಿನ ಕರಾವಳಿ ಜನರ ದಿನನಿತ್ಯದ ಹಡಗು. ದಾರಿಯಲ್ಲಿ 34 ಬಂದರು ಮುಟ್ಟುತ್ತೆ, ಸಾಮಾನು ಇಳಿಸುತ್ತೆ, ಊರೋರು ಹತ್ತಿ ಎರಡು ಬಂದರು ದಾಟಿ ಇಳ್ಕೊಂಡು ಹೋಗ್ತಾರೆ. 1893ರಲ್ಲಿ ರಿಚರ್ಡ್ ವಿಥ್ ಅನ್ನೋ ಕ್ಯಾಪ್ಟನ್ ವೆಸ್ಟೆರೋಲನ್ ಅನ್ನೋ ಹಡಗಲ್ಲಿ ಟ್ರೋಂಡ್‌ಹೈಮ್‌ನಿಂದ ಹ್ಯಾಮರ್‌ಫೆಸ್ಟ್‌ಗೆ ಇದನ್ನ ಶುರು ಮಾಡಿದ್ದು. ಅದಕ್ಕಿಂತ ಮುಂಚೆ ಆ ಊರಿಗೊಂದು ಕಾಗದ ಹೋಗ್ಬೇಕಂದ್ರೆ ಚಳಿಗಾಲದಲ್ಲಿ ಐದು ತಿಂಗಳೂ ಹಿಡೀತಿತ್ತಂತೆ, ವಿಥ್ ಮೂರು ದಿನದೊಳಗೆ ಮುಟ್ಟಿಸಿದ. ಈಗ ಹುರ್ಟಿಗ್ರೂಟನ್, ಹಾವಿಲಾ ಅಂತ ಎರಡು ಕಂಪನಿ ಸೇರಿ ಈ ದಾರಿ ನಡೆಸ್ತವೆ. ಇದನ್ನ ಹೇಳಿದಾಗ ಅಮ್ಮ ಅಂದಿದ್ದು, ಹಾಗಾದ್ರೆ ಇದು ನಮ್ಮ ಆಗಬೋಟೇ, ಆ ಕಾಲದ ಉಗಿಹಡಗೇ ಅಲ್ವಾ ಅಂತ. ಅವಳ ಅಪ್ಪ ಕಾರವಾರದಲ್ಲಿ ಆಗಬೋಟು ಹತ್ತಿ ಮುಂಬೈಗೆ ಬಂದು ಇಳಿದೋರು, ಆ ಕಥೆ ಕೇಳ್ತಾನೇ ಬೆಳೆದೋಳು ಅವಳು. ಅಲ್ಲಿಂದ ಮುಂದೆ ಪ್ರತಿ ಬಂದರಲ್ಲೂ ಹಗ್ಗ ಎಸೆಯೋದು, ಏಣಿ ಇಳಿಸೋದು, ಯಾರು ಯಾರನ್ನ ಕರ್ಕೊಳ್ಳೋಕೆ ಬಂದಿದಾರೆ ಅನ್ನೋದು, ಇದನ್ನೆಲ್ಲ ರೇಲಿಂಗ್ ಹಿಡ್ಕೊಂಡು ನೋಡೋದೇ ಅವಳ ಕೆಲಸ ಆಯ್ತು.

ಸಮುದ್ರ ಹೊಯ್ದಾಡುತ್ತಾ ಅಂದ್ರೆ, ಹೆಚ್ಚಿನ ದಾರಿ ದ್ವೀಪಗಳ ಒಳಗಿಂದ ಹೋಗೋದ್ರಿಂದ ನೀರು ಕೆರೆ ಥರ ಇರುತ್ತೆ. ಬಯಲು ಸಮುದ್ರ ಸಿಗೋದು ಕೆಲವೇ ಕಡೆ, ಸ್ಟಾಡ್ ಅನ್ನೋ ಭೂಶಿರ ಸುತ್ತೋವಾಗ, ಬೋಡೋದಿಂದ ಲೋಫೋಟೆನ್ ದ್ವೀಪಗಳಿಗೆ ವೆಸ್ಟ್‌ಫಿಯೋರ್ಡ್ ದಾಟೋವಾಗ, ಆಮೇಲೆ ಕೊನೆ ರಾತ್ರಿ ಬ್ಯಾರೆಂಟ್ಸ್ ಸಮುದ್ರದ ಕಡೆ. ಡಾಕ್ಟರ್ ಕೇಳಿ ವಾಂತಿ ಮಾತ್ರೆ ಇಟ್ಕೊಳ್ಳಿ, ಹಡಗಿನ ನಡುಭಾಗದಲ್ಲಿ ಕೆಳಗಿನ ಡೆಕ್ ಕ್ಯಾಬಿನ್ ತಗೊಳ್ಳಿ, ಅಲ್ಲಿ ತೂಗಾಟ ಕಮ್ಮಿ.

ನಾಲ್ಕನೇ ದಿನ ಬೆಳಿಗ್ಗೆ ಆರ್ಕ್ಟಿಕ್ ವೃತ್ತ ದಾಟ್ತೀವಿ, ಒಂದು ಪುಟ್ಟ ಬಂಡೆ ದ್ವೀಪದ ಮೇಲೆ ಲೋಹದ ಗೋಳ ನಿಲ್ಲಿಸಿದಾರೆ ಗುರುತಿಗೆ. ಅವತ್ತು ಸಂಜೆಯೇ ಲೋಫೋಟೆನ್. ದೂರದಿಂದ ಸಮುದ್ರದ ಮಧ್ಯೆ ಕರಿ ಗೋಡೆ ಎದ್ದ ಹಾಗೆ ಕಾಣುತ್ತೆ, ಹತ್ತಿರ ಹೋದಂಗೆ ಆ ಗೋಡೆ ಒಡೆದು ಒಂದೊಂದೇ ಬೆಟ್ಟ ಆಗುತ್ತೆ, ತುದಿಯಲ್ಲಿ ಇನ್ನೂ ಹಿಮ, ಬುಡದಲ್ಲಿ ಕೆಂಪು ಮರದ ಮನೆಗಳು. ಸ್ವೋಲ್ವರ್ ಬಂದರಿಗೆ ಬಂದಾಗ ರಾತ್ರಿ ಒಂಬತ್ತು ದಾಟಿತ್ತು, ಬೆಳಕು ಮಾತ್ರ ನಮ್ಮೂರಲ್ಲಿ ಸಂಜೆ ಐದೂವರೆಗೆ ಇರುತ್ತಲ್ಲ ಹಾಗೆ. ಅಮ್ಮ ನನ್ನ ತೋಳು ಹಿಡಿದು ಅಲ್ನೋಡು ಅಲ್ನೋಡು ಅಂದ್ಳು. ಮರದ ದೊಡ್ಡ ದೊಡ್ಡ ಚಪ್ಪರ, ಅದರಲ್ಲಿ ಸಾಲಾಗಿ ನೇತು ಹಾಕಿದ ಮೀನು. ಮುಂಬೈನ ವರ್ಸೋವಾದಲ್ಲಿ ಕೋಳಿ ಸಮುದಾಯದ ಮೀನುಗಾರರು ಬೊಂಬಿಲ್ ಮೀನು ಒಣಗಿಸೋಕೆ ಬಿದಿರು ಕಟ್ಟಿರ್ತಾರಲ್ಲ, ಥೇಟ್ ಅದೇ, ಇಲ್ಲಿ ಬೊಂಬಿಲ್ ಬದಲು ಮೊಳದುದ್ದದ ಕಾಡ್ ಮೀನು. ಫೆಬ್ರವರಿಯಿಂದ ನೇತು ಹಾಕಿ ಮೇ ಹೊತ್ತಿಗೆ ಇಳಿಸೋಕೆ ಶುರು ಮಾಡ್ತಾರೆ, ನಮಗೆ ಸಿಕ್ಕಿದ್ದು ಕೊನೆಕೊನೆಯ ಮೀನು. ನಮ್ಮಲ್ಲಿ ಉಪ್ಪು, ಬಿಸಿಲು ಬೇಕು ಒಣಮೀನಿಗೆ, ಅವರು ಉಪ್ಪೇ ಹಾಕಲ್ಲ, ಸೊನ್ನೆ ಡಿಗ್ರಿ ಆಚೀಚೆ ಇರೋ ಗಾಳಿಯಲ್ಲೇ ಒಣಗುತ್ತೆ, ಜಾಸ್ತಿ ಚಳಿ ಬಿದ್ರೂ ಕೆಡುತ್ತೆ ಜಾಸ್ತಿ ಬಿಸಿ ಆದ್ರೂ ಕೆಡುತ್ತೆ. ಮೀನು ಇಟಲಿಗೆ ಹೋಗುತ್ತೆ, ತಲೆ ಬೇರೆ ಒಣಗಿಸಿ ನೈಜೀರಿಯಾಗೆ. ಹೊಸ ದೇಶಕ್ಕೆ ಬಂದ ಅಂಜಿಕೆ ಅಮ್ಮನಿಗೆ ಹೋಗಿದ್ದು ಆ ವಾಸನೆ ಮೂಗಿಗೆ ಬಡಿದಾಗಲೇ ಅಂತ ನನಗನ್ಸುತ್ತೆ.

ಹವಾಮಾನ ಸರಿ ಇದ್ರೆ ಅದೇ ರಾತ್ರಿ ಹಡಗು ಟ್ರೋಲ್‌ಫಿಯೋರ್ಡ್ ಅನ್ನೋ, ಬೆಟ್ಟಗಳ ನಡುವೆ ಒಳಹೊಕ್ಕ ಸಮುದ್ರದ ಕವಲಿನ ಬಾಯಿಗೆ ಹೋಗುತ್ತೆ, ಬಾಯಿ ಬರೀ ನೂರು ಮೀಟರ್ ಅಗಲ, ಉದ್ದ ಎರಡು ಕಿಲೋಮೀಟರ್, ಎರಡೂ ಕಡೆ ನೆಟ್ಟಗೆ ಬಂಡೆ. ಒಳಗೆ ಹೋಗಿ ನಿಂತಲ್ಲೇ ಸುತ್ತ ತಿರುಗಿ ಹೊರಗೆ ಬರುತ್ತೆ. ಡೆಕ್ ಮೇಲಿದ್ದ ಜನ ಯಾರೂ ಮಾತಾಡ್ತಿರ್ಲಿಲ್ಲ, ಬಂಡೆಯಿಂದ ನೀರು ಇಳಿಯೋ ಸದ್ದು ಮಾತ್ರ. ರಾತ್ರಿ ಒಂದು ಗಂಟೆವರೆಗೆ ಶಾಲು ಹೊದ್ಕೊಂಡು ಕೂತಿದ್ವಿ, ಮಲಗು ಅಂತ ನಾನೂ ಹೇಳಲಿಲ್ಲ ಅವಳೂ ಕೇಳಲಿಲ್ಲ. ಹಿಂದಿನ ಎಷ್ಟೋ ವರ್ಷದಲ್ಲಿ ನಾನು ಅಮ್ಮನ ಪಕ್ಕ ಅಷ್ಟು ಹೊತ್ತು ಸುಮ್ಮನೆ ಕೂತಿದ್ದು ನೆನಪಿಲ್ಲ, 5:40ರ ಫಾಸ್ಟ್ ಲೋಕಲ್ ಹಿಡಿಯೋ ಜೀವನದಲ್ಲಿ ಅದೆಲ್ಲಿ ಆಗುತ್ತೆ.

ಇಲ್ಲಿಂದ ಬುಕ್ ಮಾಡ್ಕೊಟ್ಟ ಏಜೆಂಟು ಎಲ್ಲ ಬಂದರಲ್ಲೂ ಟೂರ್ ತಗೊಳ್ಳಿ ಇಲ್ಲಾಂದ್ರೆ ವೇಸ್ಟ್ ಅಂತ ಒತ್ತಾಯ ಮಾಡಿ ನಾಲ್ಕು ಟೂರ್ ಸೇರಿಸಿದ್ರು. ಹೋನಿಂಗ್ಸ್‌ವೋಗ್‌ನಿಂದ ಬಸ್ಸಲ್ಲಿ ನಾರ್ಥ್ ಕೇಪ್‌ಗೆ ಹೋಗೋದೂ ಅದರಲ್ಲಿತ್ತು, 307 ಮೀಟರ್ ಎತ್ತರದ ಬಂಡೆ, 71 ಡಿಗ್ರಿ ಉತ್ತರ, ತುಂಬ ಜನ ಅದಕ್ಕೆಂದೇ ಬರ್ತಾರೆ. ಅಮ್ಮ ಬಸ್ ಬೇಡ ಅಂದ್ಳು, ನಾನೂ ಬಿಟ್ಟೆ. ಬದಲಿಗೆ ಊರೊಳಗೆ ನಿಧಾನಕ್ಕೆ ನಡೆದು ಅಲ್ಲಿನ ಬಿಳಿ ಚರ್ಚಿನ ಹತ್ತಿರ ಹೋದ್ವಿ. 1944ರಲ್ಲಿ ಜರ್ಮನ್ ಸೈನ್ಯ ಹಿಂದೆ ಸರಿಯೋವಾಗ ಆ ಪ್ರಾಂತ್ಯದ ಊರೂರನ್ನೇ ಸುಟ್ಟು ಹೋಯ್ತು, ಹೋನಿಂಗ್ಸ್‌ವೋಗ್‌ನಲ್ಲಿ ಉಳಿದಿದ್ದು ಆ ಚರ್ಚ್ ಒಂದೇ. ವಾಪಸ್ ಬಂದ ಜನ ಮೊದಲು ಅದರೊಳಗೇ ಇದ್ಕೊಂಡು ಊರು ಕಟ್ಟಿದ್ರು. ಅಮ್ಮ ಮೆಟ್ಟಿಲ ಹತ್ತಿರ ಕೂತು ಸ್ವಲ್ಪ ಹೊತ್ತು ಕಣ್ಣು ಮುಚ್ಕೊಂಡ್ಳು. ಬಸ್ಸಿನ ದುಡ್ಡು ಹೋಯ್ತು ಅನ್ನೋ ಬೇಸರ ನನಗೆ ಇವತ್ತಿಗೂ ಇಲ್ಲ. ನಿಮ್ಮ ಅಪ್ಪನಿಗೆ ಆಸೆ ಇದ್ರೆ ನಾರ್ಥ್ ಕೇಪ್ ಒಂದು ಹಾಕ್ಸಿ, ಉಳಿದಿದ್ದು ಹಡಗಲ್ಲಿ ಹೋದ್ಮೇಲೆ ಅವರೇ ನೋಡ್ಕೊಳ್ಳಲಿ.

ತಿಂಗಳ ವಿಷಯ. ಮೇ ಕೊನೆಯಿಂದ ಜುಲೈ ಮೂರನೇ ವಾರದವರೆಗೆ ಟ್ರೊಮ್ಸೋ ಇಂದ ಮೇಲಕ್ಕೆ ಸೂರ್ಯ ಮುಳುಗೋದೇ ಇಲ್ಲ, ಹಿರಿಯರಿಗೆ ಇದೇ ಒಳ್ಳೇದು. ನಾರ್ದರ್ನ್ ಲೈಟ್ಸ್, ಅಂದ್ರೆ ಆಕಾಶದಲ್ಲಿ ಕಾಣೋ ಬಣ್ಣದ ಬೆಳಕು ಬೇಕು ಅಂದ್ರೆ ಬೇಸಿಗೆಯಲ್ಲಿ ಕಾಣಲ್ಲ, ಆಕಾಶ ಕಪ್ಪಾಗ್ಬೇಕಲ್ಲ, ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ಒಳಗೆ ಹೋಗ್ಬೇಕು, ಆಗ ಚಳಿಯೂ ಗಾಳಿಯೂ ಜೋರು. ಬೇಸಿಗೆಯಲ್ಲೂ ಹತ್ತು ಡಿಗ್ರಿ ಆಚೀಚೆ ಅಂತ ಲೆಕ್ಕ ಹಾಕಿ, ಗಾಳಿ ತಡೆಯೋ ಜಾಕೆಟ್, ಕಿವಿ ಮುಚ್ಚೋ ಟೊಪ್ಪಿ ಬೇಕೇ ಬೇಕು, ರಾತ್ರಿ ನಿದ್ದೆಗೆ ಕಣ್ಣಿಗೆ ಕಟ್ಟೋ ಪಟ್ಟಿ.

ಊಟಕ್ಕೆ ಸಸ್ಯಾಹಾರಿ ಅಂತ ಬುಕಿಂಗಲ್ಲೇ ಬರೆಸಿ, ಆಲೂಗಡ್ಡೆ, ಬ್ರೆಡ್, ಸೂಪು, ಅವರ ಸಿಹಿ ಕಂದು ಚೀಸು ಸಿಗುತ್ತೆ, ಖಾರ ಮಾತ್ರ ಇಲ್ಲ. ಚಟ್ನಿಪುಡಿ ಒಯ್ಯಿರಿ, ಆದ್ರೆ ಪೇಡಾ, ತುಪ್ಪ ಬೇಡ, ಹಾಲಿನ ಪದಾರ್ಥ, ಮಾಂಸ ಎರಡೂ ಹೊರಗಿಂದ ನಾರ್ವೆಗೆ ಬಿಡಲ್ಲ. ವೀಸಾ ಶೆಂಗೆನ್ (ಯುರೋಪಿನ ಹಲವು ದೇಶಗಳಿಗೆ ನಡೆಯೋ ಒಂದೇ ವೀಸಾ), ಇನ್ಶೂರೆನ್ಸ್ ಕನಿಷ್ಠ 30,000 ಯೂರೋದ್ದು ಇರ್ಬೇಕು. ಮುಂದೆ ಇನ್ನೂ ಉತ್ತರದಲ್ಲಿರೋ ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳಿಗೂ ಹೋಗೋ ಯೋಚನೆ ಇದ್ರೆ ಅದು ಶೆಂಗೆನ್ ಒಳಗೆ ಬರಲ್ಲ, ಹೋಗಿ ವಾಪಸ್ ನಾರ್ವೆಗೆ ಬರೋಕೆ ಡಬಲ್ ಎಂಟ್ರಿ ವೀಸಾ ಬೇಕು, ಅದನ್ನ ಮೊದಲೇ ಕೇಳಿ ಹಾಕ್ಸಿ.