ಹಳೇ ಕಾರಿಗೆ ಚಳಿಗಾಲ: ಮೊದಲ ದುಡ್ಡು ಟೈರಿಗೆ

ಪ್ರಶ್ನೆ: ಸರ್, ನಾನು ದಾವಣಗೆರೆಯವನು, ಈಗ ಜರ್ಮನಿಯ ಔಗ್ಸ್‌ಬರ್ಗ್‌ನಲ್ಲಿ ಕೆಲಸದಲ್ಲಿದ್ದೇನೆ. ಬೇಸಿಗೆಯಲ್ಲಿ 2009ರ ಪೆಟ್ರೋಲ್ ಪೋಲೊ ಕೊಂಡೆ. ಊರಲ್ಲಿ ಅಪ್ಪನ ಆಲ್ಟೊ ಓಡಿಸಿದ್ದೇ ಅನುಭವ, ಹಿಮದಲ್ಲಿ ಓಡಿಸಿಲ್ಲ. ಟೈರಿನ ಮೇಲೆ ‘ಎಂ ಪ್ಲಸ್ ಎಸ್’ (ಕೆಸರು, ಹಿಮ ಅಂತ ಅರ್ಥ) ಗುರುತಿದೆ, ಚಳಿಗಾಲಕ್ಕೂ ನಡೆಯುತ್ತದೆ ಅಂತ ಮಾರಿದವರು ಹೇಳಿದರು. ಕಾರು ರಾತ್ರಿ ರಸ್ತೆ ಬದಿಯಲ್ಲೇ ನಿಲ್ಲುತ್ತದೆ. ಕೈಯಲ್ಲಿ 400 ಯೂರೊ ಇದೆ. ಮೊದಲು ಏನು ಮಾಡಿಸಲಿ?

ಉತ್ತರ: ಟೈರ್. ಬ್ಯಾಟರಿ ಕೈಕೊಟ್ಟರೆ ನೀವು ಆಫೀಸಿಗೆ ತಡವಾಗಿ ಹೋಗುತ್ತೀರಿ, ಅಷ್ಟೇ. ಟೈರ್ ಕೈಕೊಟ್ಟರೆ ಎದುರಿಗೆ ಬರುವವರ ಜೀವಕ್ಕೂ ಅಪಾಯ. ಹಾಗಾಗಿ ನಿಮ್ಮ ದುಡ್ಡಿನ ದೊಡ್ಡ ಪಾಲು ಅಲ್ಲಿಗೇ ಹೋಗಲಿ.

ಮಾರಿದವರ ಮಾತು ಈಗ ನಡೆಯುವುದಿಲ್ಲ. 2024ರ ಅಕ್ಟೋಬರ್ 1ರಿಂದ ಜರ್ಮನಿಯಲ್ಲಿ ಬರೀ ಎಂ ಪ್ಲಸ್ ಎಸ್ ಗುರುತಿದ್ದರೆ ಅದು ಚಳಿಗಾಲದ ಟೈರ್ ಅಲ್ಲ. ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಚಿತ್ರ ಟೈರಿನ ಪಕ್ಕದಲ್ಲಿ ಇರಲೇಬೇಕು. ಅಲ್ಲಿನ ಕಾನೂನು ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಹೇಳುವುದಿಲ್ಲ; ರಸ್ತೆಯಲ್ಲಿ ಮಂಜುಗಡ್ಡೆ, ಹಿಮ, ಹಿಮದ ಕೆಸರು ಇದ್ದ ದಿನ ಈ ಟೈರ್ ಬೇಕು. ಇಲ್ಲದೆ ಸಿಕ್ಕಿಬಿದ್ದರೆ 60 ಯೂರೊ ದಂಡ, ಜೊತೆಗೆ ಲೈಸೆನ್ಸಿಗೆ ಒಂದು ಕಪ್ಪು ಅಂಕ (ಪಾಯಿಂಟ್). ದಂಡದ ಮಾತು ಬಿಡಿ, ಬೇಸಿಗೆ ಟೈರಿನ ರಬ್ಬರ್ ಚಳಿಗೆ ಬಿರುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಚಳಿಗಾಲದ ಟೈರಿನ ರಬ್ಬರ್ ಮೆತ್ತಗೇ ಉಳಿಯುತ್ತದೆ, ಅದರ ಮೈಮೇಲಿನ ಸಣ್ಣ ಸೀಳುಗಳು ಹಿಮವನ್ನು ಕಚ್ಚುತ್ತವೆ.

ಸೆಕೆಂಡ್ ಹ್ಯಾಂಡ್ ಸೆಟ್ ತೆಗೆದುಕೊಳ್ಳುವುದಾದರೆ ಟೈರಿನ ಪಕ್ಕ ‘DOT’ (ಡಾಟ್) ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಹುಡುಕಿ. 3221 ಅಂತ ಇದ್ದರೆ 2021ರ 32ನೇ ವಾರ ತಯಾರಾದದ್ದು. ಒಂದು ಪಕ್ಕದಲ್ಲಿ ಆ ಅಂಕಿ ಕಾಣದಿದ್ದರೆ ಟೈರ್ ತಿರುಗಿಸಿ ಇನ್ನೊಂದು ಪಕ್ಕ ನೋಡಿ. ಆರು ವರ್ಷ ದಾಟಿದ್ದನ್ನು ನಾನಂತೂ ಕೊಳ್ಳಲು ಹೇಳುವುದಿಲ್ಲ. ಕಾನೂನಿಗೆ ಟೈರಿನ ಗೀರು 1.6 ಮಿಲಿಮೀಟರ್ ಆಳ ಇದ್ದರೆ ಸಾಕು, ಹಿಮಕ್ಕೆ ಸಾಲದು. ಸವೆದು 4 ಮಿಲಿಮೀಟರ್‌ಗಿಂತ ಕಡಿಮೆ ಆಳ ಉಳಿದದ್ದು ಬೇಡ. ಮುಂದಿನ ಎರಡಕ್ಕೆ ಮಾತ್ರ ಹಾಕಿಸಿ ದುಡ್ಡು ಉಳಿಸುವ ಯೋಚನೆ ಬಂದರೆ ದಯವಿಟ್ಟು ಬಿಟ್ಟುಬಿಡಿ. ಬ್ರೇಕ್ ಹಾಕಿದಾಗ ಮುಂಭಾಗ ಹಿಡಿಯುತ್ತದೆ, ಹಿಂಭಾಗ ಜಾರಿ ಕಾರು ಅಡ್ಡ ತಿರುಗುತ್ತದೆ. ಊರೊಳಗಿನ ಓಡಾಟವೇ ಜಾಸ್ತಿ ಇದ್ದರೆ ಹರಳಿನ ಗುರುತಿರುವ ಆಲ್ ಸೀಸನ್ ಟೈರ್ ಸಾಕು, ವರ್ಷಕ್ಕೆರಡು ಸಲ ಬದಲಿಸುವ ಕೂಲಿಯೂ ಉಳಿಯುತ್ತದೆ. ವಾರಕ್ಕೊಮ್ಮೆ ಆಲ್ಪ್ಸ್ ಕಡೆ ಹೋಗುವವರಿಗೆ ಆ ಸಲಹೆ ಕೊಡಲಾರೆ. ಉಷ್ಣತೆ 10 ಡಿಗ್ರಿ ಇಳಿದರೆ ಟೈರಿನ ಗಾಳಿಯ ಒತ್ತಡ ಸುಮಾರು 0.1 ಬಾರ್ ಇಳಿಯುತ್ತದೆ, ಆಗಾಗ ಚೆಕ್ ಮಾಡಿ.

ಆಮೇಲೆ ಬ್ಯಾಟರಿ. ಚಳಿಯಲ್ಲಿ ಅದರ ಶಕ್ತಿ ಕುಗ್ಗುತ್ತದೆ. ಅದೇ ಹೊತ್ತಿಗೆ ಎಂಜಿನ್ ಆಯಿಲ್ ಗಟ್ಟಿಯಾಗಿ ಸ್ಟಾರ್ಟರ್ ಮೋಟಾರು ಹೆಚ್ಚು ಕರೆಂಟ್ ಕೇಳುತ್ತದೆ. ರಾತ್ರಿಯಿಡೀ ನಿಂತ ಕಾರಿನಲ್ಲಿ ಮಲ್ಟಿಮೀಟರ್ 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್, 12.2 ಅಂದರೆ ಅರ್ಧ. ಸ್ಟಾರ್ಟ್ ಮಾಡುವಾಗ ಒಬ್ಬರು ಮೀಟರ್ ನೋಡುತ್ತಿರಲಿ: ಒಂಬತ್ತೂವರೆಗಿಂತ ಕೆಳಗೆ ಬಿದ್ದರೆ ಗ್ಯಾರೇಜಿನಲ್ಲಿ ಲೋಡ್ ಟೆಸ್ಟ್ ಮಾಡಿಸಿ. ಐದು ವರ್ಷ ದಾಟಿದ ಬ್ಯಾಟರಿಯಾದರೆ ನವೆಂಬರಿಗೆ ಮೊದಲೇ ಬದಲಿಸಿಬಿಡಿ. ಟರ್ಮಿನಲ್ಲಿಗೆ ಬೆಳ್ಳಗೆ, ಹಸಿರಾಗಿ ಪುಡಿ ಕಟ್ಟಿದ್ದರೆ ತಂತಿ ಬಿಚ್ಚಿ (ಮೊದಲು ಮೈನಸ್), ಅಡುಗೆ ಸೋಡಾ ಬೆರೆಸಿದ ಬಿಸಿನೀರಲ್ಲಿ ತಿಕ್ಕಿ ಒಣಗಿಸಿ. ಎಷ್ಟೋ ಸಲ ಇಷ್ಟರಲ್ಲೇ ಕಾರು ಸ್ಟಾರ್ಟ್ ಆಗುತ್ತದೆ.

ನಮ್ಮ ಕಡೆ ಹುಟ್ಟಿ ಬೆಳೆದವರು ಎಚ್ಚರ ತಪ್ಪುವ ಜಾಗ ಒಂದಿದೆ: ನೀರು. ರೇಡಿಯೇಟರಿಗೆ ನಲ್ಲಿ ನೀರು ಸುರಿಯುವುದು, ವೈಪರ್ ಟ್ಯಾಂಕಿಗೆ ಬಾಟಲಿ ನೀರು ಹಾಕುವುದು ದಾವಣಗೆರೆಯಲ್ಲಿ ನಡೆಯುತ್ತದೆ. ಜರ್ಮನಿಯ ಚಳಿಗೆ ಆ ನೀರು ಹೆಪ್ಪುಗಟ್ಟಿ ಹಿಗ್ಗಿ ರೇಡಿಯೇಟರ್ ಒಡೆಯುತ್ತದೆ, ಎಂಜಿನ್ನೇ ಬಿರುಕು ಬಿಡಬಹುದು. ಹಳೇ ಮಾಲೀಕರು ಏನು ಹಾಕಿದ್ದಾರೋ ನಿಮಗೆ ಗೊತ್ತಿಲ್ಲ, ಕೂಲಂಟ್ (ಎಂಜಿನ್ ತಂಪಾಗಿಡುವ, ಹೆಪ್ಪುಗಟ್ಟದ ದ್ರವ) ಎಷ್ಟು ಡಿಗ್ರಿವರೆಗೆ ತಡೆಯುತ್ತದೆ ಅಂತ ಅಳೆಸಿ. ಕೂಲಂಟ್, ನೀರು ಅರ್ಧಕ್ಕರ್ಧ ಬೆರೆಸಿದ ಮಿಶ್ರಣ ಸುಮಾರು ಮೈನಸ್ 35ರವರೆಗೆ ಕಾಯುತ್ತದೆ. ಬಣ್ಣ ನೋಡಿ ಬೆರೆಸಬೇಡಿ, ಕಾರಿನ ಕೈಪಿಡಿಯಲ್ಲಿ ಹೇಳಿದ ಜಾತಿಯದ್ದೇ ಹಾಕಿ. ವೈಪರ್ ಟ್ಯಾಂಕಿಗೂ ಮೈನಸ್ 20ರವರೆಗೆ ಹೆಪ್ಪುಗಟ್ಟದ ದ್ರಾವಣ ಬೇಕು.

ಆಯಿಲ್ ಬದಲಿಸುವ ಹೊತ್ತಾಗಿದ್ದರೆ ಈಗಲೇ ಮಾಡಿಸಿ. ಆಯಿಲಿಗೆ, ಪೆಟ್ರೋಲಿಗೆ ಬೆರೆಸುವ ಸಣ್ಣ ಸಣ್ಣ ಡಬ್ಬಿಗಳನ್ನು ಕೊಳ್ಳಬೇಡಿ. ಆ ದುಡ್ಡಿಗೆ ಒಳ್ಳೆಯ ವೈಪರ್ ಬ್ಲೇಡ್ ಬರುತ್ತದೆ.

ಕಾರು ಹೊರಗೇ ನಿಲ್ಲುವುದರಿಂದ ಬಾಗಿಲ ಸುತ್ತಲಿನ ರಬ್ಬರಿಗೆ ಗ್ಲಿಸರಿನ್ ಸವರಿ, ಬಾಗಿಲು ಅಂಟಿಕೊಳ್ಳುವುದಿಲ್ಲ. ಬೆಳಿಗ್ಗೆ ಗಾಜಿಗೆ ಬಿಸಿನೀರು ಬೇಡವೇ ಬೇಡ, ಸೀಳುತ್ತದೆ. ಎಂಜಿನ್ ಚಾಲೂ ಇಟ್ಟು ಗಾಜು ಕೆರೆಯುವುದಕ್ಕೂ ಅಲ್ಲಿ ದಂಡ ಇದೆ. ಇಣುಕಿ ನೋಡುವಷ್ಟು ಕೆರೆದು ಹೊರಡಬೇಡಿ. ಎಲ್ಲ ಗಾಜು, ಲೈಟು, ಕಾರಿನ ಮೇಲ್ಛಾವಣಿಯ ಹಿಮ ಕೂಡ ತೆಗೆಯಿರಿ, ಇಲ್ಲದಿದ್ದರೆ ಬ್ರೇಕ್ ಹಾಕಿದಾಗ ಆ ಹಿಮ ಜಾರಿ ಕಣ್ಣೆದುರಿಗೇ ಬೀಳುತ್ತದೆ. ಒಳಗೆ ಗಾಜು ಮಸುಕಾದರೆ ಹೀಟರ್ ಜೊತೆ ಏಸಿಯನ್ನೂ ಹಾಕಿ, ಅದು ತೇವ ಹೀರುತ್ತದೆ. ಸಮತಟ್ಟು ಜಾಗದಲ್ಲಿ ಹ್ಯಾಂಡ್ ಬ್ರೇಕ್ ಬದಲು ಒಂದನೇ ಗೇರಿನಲ್ಲಿ ನಿಲ್ಲಿಸಿ. ತೇವ ಕೂತ ಬ್ರೇಕ್ ಹೆಪ್ಪುಗಟ್ಟಿ ಬಿಗಿದುಕೊಳ್ಳಬಹುದು.

ಮೊದಲ ಹಿಮ ಬಿದ್ದ ದಿನ ಖಾಲಿ ಪಾರ್ಕಿಂಗಿನಲ್ಲಿ, ಅನುಮತಿ ಇರುವ ಕಡೆ, ನಿಧಾನವಾಗಿ ಓಡಿಸಿ ಜೋರಾಗಿ ಬ್ರೇಕ್ ಒತ್ತಿ ನೋಡಿ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಪೂರ್ತಿ ಬಿಗಿಯದಂತೆ ತಡೆಯುವ ವ್ಯವಸ್ಥೆ) ಇದ್ದರೆ ಪೆಡಲ್ ಕಾಲಡಿ ದಡದಡ ಅನ್ನುತ್ತದೆ. ಹೆದರಿ ಕಾಲು ತೆಗೆಯಬೇಡಿ.

ಪ್ರಶ್ನೆ: ಕೆನಡಾದ ವಿನಿಪೆಗ್‌ಗೆ ಬಂದು ಎರಡು ತಿಂಗಳಾಯಿತು. ಇಲ್ಲಿ ಕಾರುಗಳ ಮೂತಿಯಿಂದ ಕರೆಂಟ್ ವೈರ್ ನೇತಾಡುತ್ತದೆ. ನಾವು ಕೊಂಡ 2007ರ ಯಾರಿಸ್‌ನಲ್ಲೂ ಇದೆ. ಬಳಸಲೇಬೇಕಾ ಸರ್?

ಉತ್ತರ: ಬಳಸಿ ಅಮ್ಮ. ಅದು ಬ್ಲಾಕ್ ಹೀಟರ್; ಎಂಜಿನ್ನಿನ ಕೂಲಂಟನ್ನು ಬೆಚ್ಚಗಿಡುತ್ತದೆ. ವಿನಿಪೆಗ್‌ನಲ್ಲಿ ಮೈನಸ್ 30 ಅಪರೂಪವಲ್ಲ. ಮೈನಸ್ 15ಕ್ಕಿಂತ ಕೆಳಗಿಳಿಯುವ ರಾತ್ರಿ ಹಾಕಿ. ಇಡೀ ರಾತ್ರಿ ಬೇಡ, ಟೈಮರ್ ಇಟ್ಟು ಹೊರಡುವ ಮೂರ್ನಾಲ್ಕು ಗಂಟೆ ಮೊದಲು ಶುರುವಾದರೆ ಸಾಕು. ವೈರಿನ ಸಿಪ್ಪೆ ಸುಲಿದಿದ್ದರೆ, ಪ್ಲಗ್ ಸುಟ್ಟ ಗುರುತಿದ್ದರೆ ಬದಲಿಸದೆ ಚುಚ್ಚಬೇಡಿ. ಎಕ್ಸ್‌ಟೆನ್ಷನ್ ವೈರ್ ಹೊರಾಂಗಣಕ್ಕೆ ಅಂತಲೇ ಮಾಡಿದ್ದಾಗಿರಲಿ. ಹೊರಡುವಾಗ ಪ್ಲಗ್ ಕಿತ್ತಿದ್ದೀರಾ ಅಂತ ನೋಡಿಕೊಂಡೇ ಸ್ಟೇರಿಂಗ್ ಹಿಡಿಯಿರಿ.